ಮೂಡಗಾಳಿಗೆ ಕಾದಿಟ್ಟ ಕೆಂಪು ಬಣ್ಣ

ನನ್ನ ಸಂಡಿಗೆಯ ಮೇಲೆ ಬಣ್ಣ ಬಿದ್ದದ್ದು ಆಷಾಢದಲ್ಲಿ. ಆವತ್ತಿನಿಂದ ಕಾರ್ತಿಕದವರೆಗೆ ನಾನು ಮಾಡಿದ ಕೆಲಸ ಒಂದೇ, ಗಾಳಿ ಯಾವ ಕಡೆಯಿಂದ ಬೀಸುತ್ತಿದೆ ಎಂದು ನೋಡುವುದು. ಮಧ್ಯೆ ಅಡುಗೆ ಮಾಡಿದೆ, ಬಟ್ಟೆ ಒಗೆದೆ, ಬಾಡಿಗೆಗಿದ್ದ ಹುಡುಗಿಯರ ನೀರಿನ ಜಗಳ ಬಿಡಿಸಿದೆ. ಅವೆಲ್ಲ ಲೆಕ್ಕಕ್ಕಿಲ್ಲ.

ಹೂಡಿಯಲ್ಲಿ ನಮ್ಮ ಮನೆ ಮತ್ತು ನನ್ನ ವಾರಗಿತ್ತಿಯ ಮನೆ ಅಕ್ಕಪಕ್ಕ. ಅವಳ ಗಂಡ ನನ್ನ ಗಂಡನ ಅಣ್ಣ. ಮಾವನವರು ಬಿಟ್ಟುಹೋದ ಹಳೇ ಮನೆ ಕೆಡವಿ ಅಣ್ಣತಮ್ಮಂದಿರು ಜಾಗ ಹಂಚಿಕೊಂಡಾಗ ಪಡುವಣದ ಅರ್ಧ ಅವರಿಗೆ ಬಂತು, ಮೂಡಣದ ಅರ್ಧ ನಮಗೆ. ನಡುವೆ ಒಬ್ಬರು ಮೈ ಓರೆ ಮಾಡಿಕೊಂಡು ಹೋಗುವಷ್ಟು ಸಂದಿ. ಎರಡಕ್ಕೂ ಒಂದೊಂದು ಮಹಡಿ, ತಾರಸಿಗಳು ಒಂದೇ ಎತ್ತರ. ಅವರ ತಾರಸಿಯಲ್ಲಿ ಯಾರಾದರೂ ಸೀನಿದರೆ ನಮ್ಮ ತಾರಸಿಯಲ್ಲಿ ಕೇಳಿಸುತ್ತದೆ.

ಮಗಳಿಗೆ ಆಗ ನಾಲ್ಕನೇ ತಿಂಗಳು. ತುಮಕೂರಿನಲ್ಲಿ ಗಂಡನ ಮನೆಯಲ್ಲಿದ್ದಳು. ಏನು ತಿಂದರೂ ಹೊಟ್ಟೆಯಲ್ಲಿ ನಿಲ್ಲುತ್ತಿರಲಿಲ್ಲ. ಒಂದು ದಿನ ಫೋನಿನಲ್ಲಿ ಸಣ್ಣ ದನಿಯಲ್ಲಿ, “ಅಮ್ಮಾ, ನಿನ್ನ ಅರಳು ಸಂಡಿಗೆ ಇದ್ದಿದ್ರೆ ಎರಡು ತುತ್ತು ಒಳಗೋಗ್ತಿತ್ತೇನೋ” ಅಂದಳು. ಬೇಸಿಗೆಯಲ್ಲಿ ಮಾಡಿದ್ದು ಖಾಲಿಯಾಗಿತ್ತು. ಆಷಾಢದಲ್ಲಿ ಯಾರೂ ಸಂಡಿಗೆ ಇಡುವುದಿಲ್ಲ, ಬಿಸಿಲನ್ನು ನಂಬುವ ಹಾಗಿಲ್ಲ. ಆದರೂ ಬೂದುಗುಂಬಳ ತಂದೆ, ತುರಿದೆ, ಅರಳು ನೆನೆಸಿದೆ, ಹಸಿಮೆಣಸಿನಕಾಯಿ ರುಬ್ಬಿದೆ. ಮೋಡ ಸರಿದ ಬೆಳಿಗ್ಗೆ ನೋಡಿ ತಾರಸಿಯ ಮೇಲೆ ಹಳೇ ಪಂಚೆ ಹಾಸಿ ಒಂದೊಂದೇ ಇಟ್ಟೆ. ಮೂಲೆಗಳಿಗೆ ಕಲ್ಲು ಹೇರಿದೆ. ಸೊಂಟ ಬಿದ್ದುಹೋಯಿತು, ಆದರೆ ಮನಸ್ಸಿಗೆ ಖುಷಿಯಿತ್ತು.

ಅದೇ ಬೆಳಿಗ್ಗೆ ವಾರಗಿತ್ತಿಯ ಮನೆಗೆ ಪೇಂಟರುಗಳು ಬಂದರು. ಆಷಾಢದಲ್ಲಿ ಅವರಿಗೆ ಕೆಲಸ ಕಡಿಮೆ, ಕರೆದ ತಕ್ಷಣ ಸಿಗುತ್ತಾರೆ ಎಂದು ಆಗಲೇ ಕರೆಸಿದ್ದಳು. ಬ್ರಷ್ಷಿಲ್ಲ, ರೋಲರ್ ಇಲ್ಲ. ಏರ್‌ಲೆಸ್ ಎನ್ನುವ ಹೊಸ ಮೆಷಿನ್. ಒಂದು ಕೊಳವೆಯನ್ನು ಬಣ್ಣದ ಬಕೆಟ್ಟಿಗೆ ಇಳಿಸುತ್ತಾರೆ, ಮೋಟಾರು ಬಣ್ಣವನ್ನು ಹೀರಿ ಉದ್ದನೆಯ ಪೈಪಿನಲ್ಲಿ ಒತ್ತಿ ಕಳಿಸುತ್ತದೆ, ತುದಿಯಲ್ಲಿ ಗನ್ನು. ಕುದುರೆ ಎಳೆದರೆ ಬಣ್ಣ ಬೀಸಣಿಗೆಯ ಹಾಗೆ ಅಗಲವಾಗಿ ಹೊರಡುತ್ತದೆ. ಆಷಾಢದ ಗಾಳಿ ಪಡುವಣದಿಂದ ಬೀಸುತ್ತದೆ. ಅವರ ಮನೆ ಪಡುವಣಕ್ಕೆ, ನಮ್ಮ ಸಂಡಿಗೆ ಮೂಡಣಕ್ಕೆ. ಇನ್ನು ಹೇಳುವುದೇನಿದೆ?

ನಾನು ಮೆಟ್ಟಿಲು ಹತ್ತಿ ಬರುವಾಗ ಪೇಂಟರ್ ಹೇಳುತ್ತಿದ್ದದ್ದನ್ನು ನನ್ನ ಕಿವಿಯಾರೆ ಕೇಳಿದೆ. “ಮೇಡಂ, ಗಾಳಿ ಜಾಸ್ತಿ ಐತೆ. ಆ ಕಡೆ ಮನೆಯೋರು ಏನೋ ಒಣಗಾಕವ್ರೆ, ನಾಳೆ ಒಡೀಲಾ?”

ವಾರಗಿತ್ತಿ ಅಂದಳು, “ನೀನ್ ಒಡಿಯಪ್ಪಾ. ಅವ್ರಿವ್ರ್ ಬಟ್ಟೆ ಒಣಗ್ಲಿ ಅಂತ ಕಾಯ್ಕೊಂಡ್ ಕುಂತ್ರೆ ಮನೆ ಕೆಲ್ಸ ಆಗೋದ್ಯಾವಾಗ?”

ನಾನು ಮೇಲೆ ಹೋಗುವಷ್ಟರಲ್ಲಿ ಗನ್ನು ಸದ್ದು ಮಾಡುತ್ತಿತ್ತು. ಬಿಳೀ ಮಂಜು ಸಂದಿಯನ್ನು ದಾಟಿ ಬಂದು ನನ್ನ ಪಂಚೆಯ ಮೇಲೆ ಇಳಿಯುತ್ತಿತ್ತು. ಹಸಿ ಸಂಡಿಗೆ, ಬಿದ್ದದ್ದೆಲ್ಲ ಅಂಟಿಕೊಂಡಿತು. ನಾನು ಪ್ಯಾರಾಪೆಟ್ಟಿನ ಹತ್ತಿರ ಓಡಿ, “ಅಕ್ಕಾ, ನಿಲ್ಸೋಕೆ ಹೇಳಿ! ಮಗಳಿಗೆ ಅಂತ ಮಾಡಿದ್ದು ಕಣ್ರೀ!” ಎಂದು ಕೂಗಿದೆ.

ಅವಳು ಸೊಂಟದ ಮೇಲೆ ಕೈಯಿಟ್ಟುಕೊಂಡು ನೋಡಿದಳು. ನಕ್ಕಳು. “ಬಿಳೀ ಬಣ್ಣ, ಬಿಳೀ ಸಂಡಿಗೆ. ಎಣ್ಣೇಗ್ ಬಿಟ್ರೆ ಯಾರ್ಗ್ ಗೊತ್ತಾಯ್ತದೆ ಬಿಡು” ಅಂದಳು.

ಬಸುರಿ ಹೆಂಗಸಿನ ಬಾಯಿಗೆ ಹೋಗುವ ವಸ್ತು! ಅದೂ ಅವಳ ಗಂಡನ ತಮ್ಮನ ಮಗಳು. ನನ್ನ ಮೈಯೆಲ್ಲ ಉರಿದುಹೋಯಿತು. ಪಂಚೆ ಸಮೇತ ಸಂಡಿಗೆ ಸುತ್ತಿ ಕಸದ ಗಾಡಿಗೆ ಹಾಕಿದೆ. ಅಳಲಿಲ್ಲ. ಅತ್ತಿದ್ದರೆ ಅಲ್ಲಿಗೇ ಮುಗಿಯುತ್ತಿತ್ತೇನೋ.

ಅವಳ ಬಾಯಲ್ಲಿ ‘ತಪ್ಪಾಯ್ತು’ ಅನ್ನುವ ಮಾತನ್ನು ನಾನು ಈ ಮನೆಗೆ ಸೊಸೆಯಾಗಿ ಬಂದಾಗಿನಿಂದ ಕೇಳಿಲ್ಲ. ಮದುವೆಗೆ ಮುಂಚೆ ನಾನು ಬೊಮ್ಮನಹಳ್ಳಿಯ ಗಾರ್ಮೆಂಟ್ಸಿನಲ್ಲಿ ಕಾಲರ್ ಹೊಲಿಯುತ್ತಿದ್ದೆ. ಅವಳು ಹೊಲ, ತೆಂಗಿನ ತೋಟ ಇದ್ದ ಮನೆಯ ಹುಡುಗಿ. ಮನೆಗೆ ಯಾರು ಬಂದರೂ “ಇವ್ಳು ನಮ್ ಗಾರ್ಮೆಂಟ್ಸು” ಎಂದು ನನ್ನನ್ನು ತೋರಿಸುತ್ತಿದ್ದಳು, ಹೆಸರೇ ಇಲ್ಲದವಳ ಹಾಗೆ. ನನಗೆ ಮಗಳು ಹುಟ್ಟಿದಾಗ ಆಸ್ಪತ್ರೆಯ ಬಾಗಿಲಲ್ಲೇ ನಿಂತು “ಎಣ್ಣಾ?” ಎಂದು ಕೇಳಿ, ತಂದ ಬ್ರೆಡ್ಡನ್ನು ನರ್ಸ್ ಕೈಗೆ ಕೊಟ್ಟು ಹೊರಟುಹೋದಳು. ಅದನ್ನೆಲ್ಲ ನುಂಗಿಕೊಂಡಿದ್ದೆ. ಆದರೆ ಆ ಮಗಳ ತುತ್ತಿನ ಮೇಲೆ ಬಣ್ಣ ಹೊಡೆದದ್ದನ್ನು ನುಂಗುವುದು ನನ್ನ ಕೈಲಾಗಲಿಲ್ಲ.

ಆ ಸಂಜೆ ಗಂಡನಿಗೆ ಹೇಳಿದೆ, “ಒಂಬತ್ತನೇ ತಿಂಗಳಿಗೆ ಸೀಮಂತ ನಮ್ಮ ಮನೇಲೇ. ಅಷ್ಟರೊಳಗೆ ಅವಳು ನನ್ನ ಮುಂದೆ ನಿಂತ್ಕೊಂಡು ತಪ್ಪಾಯ್ತು ಅನ್ಬೇಕು. ಇಲ್ದಿದ್ರೆ ನನ್ನ ಮಗಳ ಮಡಿಲು ತುಂಬೋಕೆ ಅವಳು ನಮ್ಮ ಹೊಸ್ತಿಲು ತುಳಿಯೋ ಹಾಗಿಲ್ಲ.”

ನನ್ನ ಗಂಡನಿಗೆ ಬೀದಿಯ ಕೊನೆಯಲ್ಲೊಂದು ಚಿಕ್ಕ ದಿನಸಿ ಅಂಗಡಿ ಇದೆ. ಜಗಳ ಎಂದರೆ ಅಂಗಡಿಯ ಶಟರ್ ಅರ್ಧ ಎಳೆದು ಒಳಗೆ ಕೂರುವ ಜಾತಿ. ಮುಖ ಸಪ್ಪೆ ಮಾಡಿಕೊಂಡರು. “ದೊಡ್ಡಮ್ಮ ಕಣೇ ಅವ್ಳಿಗೆ. ಮೊದಲ ಮಡಿಲು ಅತ್ತಿಗೇನೇ ತುಂಬಬೇಕು. ಅವ್ರನ್ನ ಬಿಟ್ಟು ಅಣ್ಣನ್ನ ಹೆಂಗೆ ಕರೀಲಿ?”

“ಅದಕ್ಕೇ ಅಂದಿದ್ದು, ತಪ್ಪಾಯ್ತು ಅನ್ಲಿ ಅಂತ.”

“ಅವ್ರು ಅನ್ನಲ್ಲ.”

“ಅನ್ನಿಸ್ತೀನಿ” ಅಂದೆ.

ಬಾವನ ವಿಷಯ ಇಲ್ಲಿ ಹೇಳಲೇಬೇಕು. ನನ್ನ ಬಾವ, ಎಂದರೆ ಅವಳ ಗಂಡ, ಬಂಗಾರದಂಥ ಮನುಷ್ಯ. ಆದರೆ ಅವರು ನನ್ನ ಜೊತೆ, ನಾನು ಅವರ ಜೊತೆ ಒಂದು ಮಾತೂ ನೇರವಾಗಿ ಆಡಿದ್ದಿಲ್ಲ. ನಮ್ಮ ಮನೆತನದಲ್ಲಿ ಹಾಗೇ. ಗಂಡನ ಅಣ್ಣನ ಎದುರು ತಮ್ಮನ ಹೆಂಡತಿ ಕೂರುವುದಿಲ್ಲ, ಮುಖ ಎತ್ತಿ ನೋಡುವುದಿಲ್ಲ, ಹೇಳುವುದಿದ್ದರೆ ವಾರಗಿತ್ತಿಯ ಕೈಲೋ ಗಂಡನ ಕೈಲೋ ಹೇಳಿಸಬೇಕು. ಅವರೂ ಅಷ್ಟೇ, ನನ್ನನ್ನು ಹೆಸರು ಹಿಡಿದು ಕೂಗುವುದಿಲ್ಲ. ನಾನಿರುವ ಕಡೆ ಬರುವಾಗ ದೂರದಿಂದಲೇ ಒಂದು ಸಲ ಕೆಮ್ಮುತ್ತಾರೆ. ಕೆಮ್ಮು ಕೇಳಿದರೆ ನಾನು ಸೆರಗು ಸರಿ ಮಾಡಿಕೊಂಡು ಪಕ್ಕಕ್ಕೆ ಸರಿಯುತ್ತೇನೆ. ಈ ಕಾಲದಲ್ಲಿ, ಬೀದಿಯಲ್ಲಿ ಟೆಕ್ ಪಾರ್ಕಿನ ಹುಡುಗ ಹುಡುಗಿಯರು ಕೈ ಕೈ ಹಿಡಿದು ಓಡಾಡುವಾಗ ಇದೆಂಥದು ಎಂದು ಮಗಳು ನಗುತ್ತಾಳೆ. ನಗಲಿ. ನನಗೆ ಅದು ಅಭ್ಯಾಸವಾಗಿ ಹೋಗಿದೆ, ಅವರ ತಾರಸಿಯ ಕಡೆಗೆ ನನ್ನ ಕಣ್ಣು ತಾನಾಗಿಯೇ ಹೋಗುವುದಿಲ್ಲ.

ಅವರ ಮನೆ ಹಾಲಿನ ಹಾಗೆ ಬೆಳ್ಳಗಾಯಿತು. ವಾರಗಿತ್ತಿ ಆ ಗೋಡೆಗೆ ಯಾರ ಕೈಯನ್ನೂ ಮುಟ್ಟಿಸಲಿಲ್ಲ. ಕೊರಿಯರ್ ಹುಡುಗ ಗೋಡೆಗೆ ಒರಗಿದ ಎಂದು ಇಡೀ ಬೀದಿಗೆ ಕೇಳುವ ಹಾಗೆ ಬೈದಳು. ನಾನು ಅಡುಗೆಮನೆಯ ಕಿಟಕಿಯಲ್ಲಿ ನಿಂತು ಕೇಳಿದೆ. ಆಗಲೇ ನನ್ನ ತಲೆಯಲ್ಲಿ ಬಣ್ಣ ಗೊತ್ತಾಯಿತು. ಕೆಂಪು. ಇಟ್ಟಿಗೆಯ ಕೆಂಪು. ಬಿಳಿಯ ಮೇಲೆ ಎಷ್ಟು ಸಣ್ಣಗೆ ಬಿದ್ದರೂ ಕಾಣುವಂಥದ್ದು.

ಆದರೆ ಗಾಳಿ ತಿರುಗಬೇಕಿತ್ತು. ಆಷಾಢ ಹೋಯಿತು, ಶ್ರಾವಣ ಹೋಯಿತು, ಗಣೇಶನ ಹಬ್ಬ ಬಂದು ಹೋಯಿತು, ಗಾಳಿ ಇನ್ನೂ ಅವಳ ಕಡೆಯಿಂದಲೇ. ಬೆಳಿಗ್ಗೆ ತಾರಸಿಯ ತುಳಸಿಗೆ ಊದುಬತ್ತಿ ಹಚ್ಚಿದರೆ ನಾನು ನೋಡುತ್ತಿದ್ದದ್ದು ದೇವರನ್ನಲ್ಲ, ಹೊಗೆಯನ್ನು. ಹೊಗೆ ನನ್ನ ಮುಖಕ್ಕೆ ಬಂದರೆ ‘ಇವತ್ತೂ ಅವಳದೇ’ ಎಂದು ಹಲ್ಲು ಕಚ್ಚಿಕೊಂಡು ಕೆಳಗಿಳಿಯುತ್ತಿದ್ದೆ. ದೀಪಾವಳಿ ಕಳೆದು ಚಳಿ ಕಾಲಿಟ್ಟ ಮೇಲೆ ಒಂದು ಬೆಳಿಗ್ಗೆ ಹೊಗೆ ಮೆಲ್ಲಗೆ ಎದ್ದು, ಹಾಗೇ ತೇಲಿಕೊಂಡು ಅವರ ಬಿಳೀ ಗೋಡೆಯ ಕಡೆಗೆ ಹೋಯಿತು. ಮೂಡಗಾಳಿ! ನನಗೆ ಆ ಊದುಬತ್ತಿಗೆ ಕೈ ಮುಗಿಯುವ ಹಾಗಾಯಿತು.

ಮನೆಗೆ ಬಣ್ಣ ಹೊಡೆಸಲು ನೆಪವೂ ಇತ್ತು. ಮಗಳು ಸೀಮಂತಕ್ಕೆ ಬರುತ್ತಾಳೆ, ಬಾಣಂತನಕ್ಕೂ ಇಲ್ಲೇ ಇರುತ್ತಾಳೆ. ಗಂಡ ಪೇಂಟರನ್ನು ಕರೆಯೋಣ ಎಂದರು. ನಾನು ಬೇಡವೆಂದೆ. ಪೇಂಟರ್ ಕೈಯಲ್ಲಿ ಗನ್ನಿದ್ದರೆ ಅವನು ಗಾಳಿ ನೋಡಿ ನಿಲ್ಲಿಸಿಬಿಟ್ಟಾನು ಎಂಬ ಭಯ ನನಗೆ. ಮಹದೇವಪುರದ ಕಡೆ ಮೆಷಿನ್ ಬಾಡಿಗೆಗೆ ಕೊಡುವ ಅಂಗಡಿ ಹುಡುಕಿಕೊಂಡು ಹೋದೆ.

ಅಂಗಡಿಯವನಿಗೆ ನನ್ನನ್ನು ನೋಡಿ ಆಶ್ಚರ್ಯ. “ಯಾರ್ ಒಡೀತಾರೆ ಅಕ್ಕಾ?” ಅಂದ.

“ನಾನೇ.”

ಅವನು ನಗಲಿಲ್ಲ, ಅದಕ್ಕೆ ಅವನು ನನಗೆ ಇಷ್ಟವಾದ. ಮೆಷಿನನ್ನು ಬೆಂಚಿನ ಮೇಲಿಟ್ಟು ಒಂದೊಂದನ್ನೇ ತೋರಿಸಿದ. “ನೋಡಿ ಅಕ್ಕ, ಇದಕ್ಕೆ ಗನ್ ಅಂತಾರೆ ಅಂದ್ರೆ ತಮಾಷೆಗಲ್ಲ. ಟಿಪ್ ಮುಂದೆ ಬೆರಳು ಇಡಬೇಡಿ. ಈ ಪ್ರೆಷರ್‌ಗೆ ಬಣ್ಣ ಚರ್ಮ ತೂರ್ಕೊಂಡು ಒಳಗೋಗತ್ತೆ. ಹೊರಗೆ ಸೂಜಿ ಚುಚ್ಚಿದಷ್ಟೇ ಕಾಣೋದು, ಆದ್ರೆ ಆಗ್ಲೇ ಆಸ್ಪತ್ರೆಗೆ ಓಡ್ಬೇಕು. ಟಿಪ್ ಕಟ್ಕೊಂಡ್ರೆ ಮೊದಲು ಆಫ್ ಮಾಡಿ, ಪ್ರೆಷರ್ ಬಿಡಿ, ಆಮೇಲೆ ಮುಟ್ಟಿ.”

“ಬಣ್ಣ ಪಕ್ಕದ ಮನೆಗೆ ಹಾರದೆ ಇರೋಕೆ ಏನ್ಮಾಡ್ಬೇಕು?” ಎಂದು ಕೇಳಿದೆ, ತುಂಬ ಒಳ್ಳೆಯವಳ ಹಾಗೆ.

“ಪ್ರೆಷರ್ ಕಮ್ಮಿ ಇಟ್ಕೊಳ್ಳಿ. ಗನ್ನು ಗೋಡೆಗೆ ಒಂದಡಿ ಹತ್ರ ಇರ್ಲಿ. ಗೋಡೆ ಅಂಚಿನಲ್ಲಿ ರಟ್ಟು ಅಡ್ಡ ಹಿಡೀರಿ. ದೂರ ನಿಂತು ಜಾಸ್ತಿ ಪ್ರೆಷರಲ್ಲಿ ಒಡೆದ್ರೆ ಎಲ್ಲಾ ಮಂಜಾಗಿ ಗಾಳೀಲಿ ಹೋಗತ್ತೆ. ಗಾಳಿ ಇದ್ರೆ ಒಡೀಲೇಬೇಡಿ.”

ಏನು ಮಾಡಬಾರದು ಎಂದು ಅವನು ಹೇಳಿದನೋ ಅದನ್ನೆಲ್ಲ ಮನಸ್ಸಿನಲ್ಲಿ ಭದ್ರವಾಗಿ ಇಟ್ಟುಕೊಂಡು ಬಂದೆ. ಬರುವಾಗ ದಾರಿಯಲ್ಲಿ ಇಟ್ಟಿಗೆ ಕೆಂಪು ಎಮಲ್ಷನ್ ಕೂಡ ತಂದೆ. ಮೆಷಿನ್ನು ಆಟೋದಲ್ಲಿ ನನ್ನ ಕಾಲ ಹತ್ತಿರ ಕೂತಿತ್ತು. ತವರಿನಿಂದ ಬಂದ ತಮ್ಮನನ್ನು ಜೊತೆಗೆ ಕರೆದುಕೊಂಡು ಹೋಗುತ್ತಿರುವಷ್ಟು ಧೈರ್ಯ ನನಗೆ.

ಮೊದಲು ಒಳಗಿನ ಕೋಣೆಗಳನ್ನು ಹೊಡೆದೆ. ಬಾಡಿಗೆ ಹುಡುಗಿಯರಿಗೆ ದಿನಾ ಬರುವ ಪಾರ್ಸಲ್ಲಿನ ರಟ್ಟುಗಳನ್ನು ಸಾಲಾಗಿ ಒರಗಿಸಿ ಅವುಗಳ ಮೇಲೆ ಕೈ ಪಳಗಿಸಿಕೊಂಡೆ. ಬಣ್ಣವನ್ನು ಹಳೇ ನೈಲಾನ್ ಸೀರೆಯಲ್ಲಿ ಸೋಸಿದೆ, ಇಲ್ಲದಿದ್ದರೆ ಒಂದು ಸಣ್ಣ ಗಂಟು ಸಾಕು, ಟಿಪ್ ಕಟ್ಟಿಕೊಳ್ಳುತ್ತದೆ. ಕಿಟಕಿ, ಸ್ವಿಚ್ಚು, ಬಾಗಿಲ ಚೌಕಟ್ಟುಗಳಿಗೆಲ್ಲ ಪೇಪರ್ ಮತ್ತು ಟೇಪ್ ಅಂಟಿಸುವುದರಲ್ಲೇ ಅರ್ಧ ಕೆಲಸ ಹೋಯಿತು. ಅದು ನನಗೆ ಕಷ್ಟವಾಗಲಿಲ್ಲ. ಕಾಲರ್ ಹೊಲಿದ ಕೈ, ಅಂಚು ಬಿಟ್ಟುಕೊಡುವುದಿಲ್ಲ. ಗನ್ನನ್ನು ಮಣಿಕಟ್ಟು ತಿರುಗಿಸಿ ಬೀಸಬಾರದು, ಇಡೀ ತೋಳು ಗೋಡೆಯ ಉದ್ದಕ್ಕೂ ನೇರವಾಗಿ ಸರಿಯಬೇಕು. ಮುಂಚಿನ ಪಟ್ಟಿಯ ಅರ್ಧದ ಮೇಲೆ ಮುಂದಿನ ಪಟ್ಟಿ ಬರಬೇಕು. ಮೊದಲ ದಿನ ಬಣ್ಣ ಸೋರಿ ಧಾರೆಧಾರೆಯಾಗಿ ಇಳಿಯಿತು. ಆಮೇಲೆ ಕೈ ಕೂತಿತು. ನಡುಮನೆ ಮುಗಿದಾಗ ಗಂಡ ಬಾಗಿಲಲ್ಲಿ ನಿಂತು, “ಸಕ್ಕತ್ತಾಗಿ ಬಂದೈತಲ್ಲೇ! ಸಾಕು, ಮೆಷಿನ್ ವಾಪಸ್ ಕೊಟ್ಬಿಡು” ಅಂದರು.

“ತಾರಸಿ ಇನ್ನೂ ಬಾಕಿ ಇದೆ” ಅಂದೆ.

ಅವರಿಗೆ ಗೊತ್ತಾಯಿತು. ನನ್ನ ಮುಖವನ್ನೇ ನೋಡಿದರು. “ಬೇಡ ಕಣೇ” ಅಂದರು. ನಾನು ಕೆಂಪು ಬಣ್ಣದ ಡಬ್ಬಿಯನ್ನು ಮೆಟ್ಟಿಲ ಹತ್ತಿರ ತಂದಿಟ್ಟೆ. ಶಟರ್ ತೆಗೆಯಬೇಕು ಎಂದು ಅಂಗಡಿಗೆ ಹೊರಟುಹೋದರು.

ಆವತ್ತು ಚಳಿ ಇತ್ತು, ಬಿಸಿಲೂ ಇತ್ತು, ಮೂಡಗಾಳಿ ಹದವಾಗಿ ಬೀಸುತ್ತಿತ್ತು. ನಮ್ಮ ಪಡುವಣದ ಪ್ಯಾರಾಪೆಟ್ ಗೋಡೆಯ ಆಚೆಗೆ ಸಂದಿ, ಸಂದಿಯ ಆಚೆಗೆ ಅವರ ಮೆಟ್ಟಿಲ ಕೋಣೆಯ ಬಿಳೀ ಗೋಡೆ. ಅವರ ತಾರಸಿಯಲ್ಲಿ ಯಾರೂ ಇಲ್ಲ ಎಂದು ಒಮ್ಮೆ ನೋಡಿಕೊಂಡೆ. ಬಾವ ಆ ಹೊತ್ತಿಗೆ ಡೈರಿ ಕಡೆ ಹೋಗಿ ಹಾಲು ತಂದು, ಅಲ್ಲೇ ಕಟ್ಟೆಯ ಮೇಲೆ ಪೇಪರ್ ಓದಿ ಬರುತ್ತಾರೆ. ವಾರಗಿತ್ತಿ ಸ್ನಾನಕ್ಕೆ ಹೋಗಿರುತ್ತಾಳೆ. ತಲೆಗೆ ಹಳೇ ಸೀರೆಯ ತುಂಡು ಸುತ್ತಿದೆ, ಮುಖಕ್ಕೆ ಮಾಸ್ಕು, ಕಣ್ಣಿಗೆ ಕನ್ನಡಕ. ಕೆಂಪು ಬಣ್ಣವನ್ನು ಹೇಳಿದ್ದಕ್ಕಿಂತ ತೆಳುವಾಗಿ ಕಲಸಿದೆ. ಪ್ರೆಷರ್ ಗುಬುಟನ್ನು ಪೂರ್ತಿ ತಿರುಗಿಸಿದೆ. ಗೋಡೆಯಿಂದ ಎರಡು ಹೆಜ್ಜೆ ಹಿಂದೆ ಸರಿದು ನಿಂತು ಕುದುರೆ ಎಳೆದೆ.

ಅಬ್ಬಾ! ಆ ಗಳಿಗೆಯನ್ನು ಸುಳ್ಳು ಮಾಡಿ ಹೇಳಲಾರೆ. ಅಷ್ಟು ವರ್ಷ ಎದೆಯಲ್ಲಿ ಕೂತಿದ್ದದ್ದು ಕೈಯಿಂದ ಹೊರಟ ಹಾಗಾಯಿತು. ಅರ್ಧ ಬಣ್ಣ ನನ್ನ ಗೋಡೆಗೆ ಬಿತ್ತು, ಇನ್ನರ್ಧ ಕೆಂಪು ಮಂಜಾಗಿ ಗೋಡೆಯ ಮೇಲಿನಿಂದ ಎದ್ದು ಆಚೆಗೆ ಹೋಯಿತು. ‘ಗಾರ್ಮೆಂಟ್ಸಾ? ತಗೋ’ ಎಂದೆ ಮಾಸ್ಕಿನೊಳಗೆ. ‘ಎಣ್ಣಾ? ತಗೋ. ಎಣ್ಣೇಗ್ ಬಿಟ್ರೆ ಯಾರ್ಗ್ ಗೊತ್ತಾಯ್ತದಾ? ತಗೋ, ತಗೋ.’ ಗೋಡೆಯ ಈ ತುದಿಯಿಂದ ಆ ತುದಿಗೆ, ಆ ತುದಿಯಿಂದ ಈ ತುದಿಗೆ. ಮೋಟಾರಿನ ಸದ್ದು, ಗನ್ನಿನ ಸದ್ದು, ನನ್ನ ಉಸಿರಿನ ಸದ್ದು ಬಿಟ್ಟು ಬೇರೆ ಏನೂ ಕೇಳಿಸುತ್ತಿರಲಿಲ್ಲ. ಕಣ್ಣು ನನ್ನ ಗೋಡೆಯ ಮೇಲೆ, ಕೆಂಪು ಪಟ್ಟಿಯ ಮೇಲೆ. ಬಣ್ಣ ಆಚೆಗೆ ಹೋಗುತ್ತಿದೆ ಎಂದು ಗೊತ್ತಿತ್ತಲ್ಲ, ಅಷ್ಟು ಸಾಕಿತ್ತು.

ಬಕೆಟ್ ಬರಿದಾಗಿ ಮೋಟಾರು ಗೊರಗೊರ ಅಂದಾಗ ಆಫ್ ಮಾಡಿದೆ. ಆಗ ಕೇಳಿಸಿತು, ಕೆಮ್ಮು.

ಅದು ಬೀಡಿ ಕೆಮ್ಮಲ್ಲ, ಚಳಿಯ ಕೆಮ್ಮಲ್ಲ. ನನಗೆ ಗೊತ್ತಿದ್ದ ಕೆಮ್ಮು. ಗಂಟಲು ಒಣಗಿಹೋಗಿತ್ತು, ಆದರೂ ಕೆಮ್ಮುತ್ತಿದ್ದರು.

ತಲೆ ಎತ್ತಿದೆ. ಅವರ ತಾರಸಿಯ ಅಂಚಿನಲ್ಲಿ, ಆ ಗೋಡೆಯ ಮುಂದೆ ಬಾವ ನಿಂತಿದ್ದರು. ಬಿಳೀ ಪಂಚೆ, ಬಿಳೀ ಬನಿಯನ್ನು, ಬಿಳೀ ತಲೆ, ಎಲ್ಲದರ ಮೇಲೂ ಕೆಂಪು. ಕನ್ನಡಕದ ಗಾಜಿನಲ್ಲಿ ಏನೂ ಕಾಣದ ಹಾಗೆ ಬಣ್ಣ ಕೂತಿತ್ತು. ಮಂಡಿ ನೋವೆಂದು ಆವತ್ತು ಡೈರಿಗೆ ಹೋಗಿರಲಿಲ್ಲವಂತೆ. ಮೆಷಿನ್ ಸದ್ದು ಕೇಳಿ, ಬಣ್ಣ ಈ ಕಡೆ ಬರುತ್ತಿದೆ ಎಂದು ನನಗೆ ತಿಳಿಸಲು ಮೇಲೆ ಬಂದಿದ್ದಾರೆ. ಬಂದು ಕೆಮ್ಮಿದ್ದಾರೆ. ನನಗೆ ಕೇಳಿಸಿಲ್ಲ. ‘ಏ ತಾಯಿ, ನಿಲ್ಸು’ ಎಂದು ಒಂದು ಮಾತು ಕೂಗಿದ್ದರೆ ಸಾಕಿತ್ತು. ಆದರೆ ತಮ್ಮನ ಹೆಂಡತಿಯನ್ನು ಕೂಗುವುದುಂಟೇ? ಅದಕ್ಕೇ ಇನ್ನಷ್ಟು ಹತ್ತಿರ ಬಂದು ಕೆಮ್ಮಿದ್ದಾರೆ. ನಾನು ಹೊಡೆಯುತ್ತಿದ್ದೇನೆ, ಅವರು ಕೆಮ್ಮುತ್ತಿದ್ದಾರೆ. ಅಯ್ಯೋ ಶಿವನೇ!

ಕೈಯಲ್ಲಿದ್ದ ಗನ್ನಿನ ಕುದುರೆಗೆ ಲಾಕ್ ಹಾಕುವುದೂ ಮರೆತುಹೋಯಿತು. ಅಷ್ಟರಲ್ಲಿ ವಾರಗಿತ್ತಿ ಒದ್ದೆ ಕೂದಲಿಗೆ ಟವೆಲ್ ಸುತ್ತಿಕೊಂಡು ಮೇಲೆ ಬಂದಳು. ಗಂಡನನ್ನು ನೋಡಿದಳು. ಗೋಡೆ ನೋಡಿದಳು. ನನ್ನನ್ನು ನೋಡಿದಳು. ಬಾಯಿ ಮಾಡುತ್ತಾಳೆ, ಮಾಡಲಿ, ನಾನೂ ಮಾಡುತ್ತೇನೆ ಎಂದು ಎಷ್ಟು ತಿಂಗಳಿನಿಂದ ಮಾತು ಜೋಡಿಸಿ ಇಟ್ಟುಕೊಂಡಿದ್ದೆ! ‘ಕೆಂಪು ಬಣ್ಣ ಅಲ್ವಾ ಅಕ್ಕ, ಕುಂಕುಮ ಅಂದ್ಕೊಳ್ಳಿ’ ಎನ್ನಬೇಕೆಂದು ಅಡುಗೆಮನೆಯಲ್ಲಿ ಎಷ್ಟು ಸಲ ಹೇಳಿಕೊಂಡಿದ್ದೆ. ಒಂದಕ್ಷರ ಹೊರಡಲಿಲ್ಲ. ಬಾವ ಕಣ್ಣುಜ್ಜಿಕೊಳ್ಳುತ್ತಿದ್ದರು. ಆ ವಯಸ್ಸಾದ ಕಣ್ಣಿಗೆ ಏನಾದರೂ ಆಗಿದ್ದರೆ?

ಬಾವನಿಗೆ ತಪ್ಪಾಯ್ತು ಎಂದು ಹೇಳಬೇಕಿತ್ತು. ಕಾಲಿಗೆ ಬೀಳಬೇಕು ಅನ್ನಿಸಿತು. ಆದರೆ ಬಾವನಿಗೆ ನಾನು ಹೇಗೆ ಹೇಳಲಿ? ಯಾರ ಕೈಲಿ ಹೇಳಿಸಲಿ? ಗಂಡ ಅಂಗಡಿಯಲ್ಲಿದ್ದರು. ಅಲ್ಲಿದ್ದವಳು ಅವಳೊಬ್ಬಳೇ. ನಾನು ಮಾಸ್ಕ್ ಕಿತ್ತು, ಸೆರಗು ಎಳೆದುಕೊಂಡು, ನೆಲ ನೋಡುತ್ತಾ ಅಂದೆ, “ಅಕ್ಕಾ, ತಪ್ಪಾಯ್ತು. ತಪ್ಪಾಯ್ತು ಅಂತ ಹೇಳಿ ಅಕ್ಕಾ.”

ಹೇಳುತ್ತಿದ್ದ ಹಾಗೆಯೇ ನನಗೆ ತಿಳಿಯಿತು. ಯಾವ ಮಾತನ್ನು ಅವಳ ಬಾಯಿಂದ ಕೀಳಬೇಕೆಂದು ಇಷ್ಟೆಲ್ಲ ಮಾಡಿದ್ದೆನೋ ಅದೇ ಮಾತನ್ನು ಅವಳ ಮುಖದ ಮುಂದೆ ನಿಂತು ನಾನು ಆಡುತ್ತಿದ್ದೆ.

ಅವಳು ಗಂಡನ ಕಡೆ ತಿರುಗಲಿಲ್ಲ. ನಾನು ಯಾರಿಗೆ ಹೇಳಿಸಿದೆ ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಆದರೂ ತಿರುಗಲಿಲ್ಲ. ಆ ಮಾತನ್ನು ತಾನೇ ಇಟ್ಟುಕೊಂಡಳು. ನನ್ನನ್ನೇ ನೋಡುತ್ತಾ ನಿಧಾನವಾಗಿ, “ಇರ್ಲಿ ಬಿಡು” ಅಂದಳು. “ಗಾಳಿ ಅಲ್ವಾ, ನೀನೇನ್ ಮಾಡ್ತೀಯ ಪಾಪ.”

ಪಾಪವಂತೆ! ಬೈದಿದ್ದರೆ ಬದುಕುತ್ತಿದ್ದೆ. ನನ್ನನ್ನು ಕ್ಷಮಿಸಿ, ಗಂಡನ ಕೈ ಹಿಡಿದುಕೊಂಡು ಕೆಳಗೆ ಇಳಿದುಹೋದಳು. ನಾನು ಅಲ್ಲೇ ಕೂತು ಬಕೆಟ್ಟಿಗೆ ನೀರು ಹಾಕಿ ಮೆಷಿನ್ ತೊಳೆದೆ. ಬಣ್ಣ ಒಣಗಿದರೆ ಪೈಪು ಕಟ್ಟಿಕೊಳ್ಳುತ್ತದೆ, ಬಾಡಿಗೆಯ ವಸ್ತು. ಕೆಂಪು ನೀರು ಬಂದೇ ಬಂತು, ತಿಳಿಯಾಗುವವರೆಗೂ ಬಿಟ್ಟುಕೊಂಡು ಕೂತಿದ್ದೆ. ಆಗ ಅತ್ತುಬಿಟ್ಟೆ, ಸಿಟ್ಟಿಗೆ.

ಆ ಹೊತ್ತಿಗೆ ಸುದ್ದಿ ಬೀದಿ ತಲುಪಿತ್ತು. ಸಂಜೆ ಹೂವಿನವಳು ಮೊಳ ಹಾಕುತ್ತಾ, “ನೀವು ದೊಡ್ಡಕ್ಕನ ಅತ್ರ ತಪ್ಪಾಯ್ತು ಅಂತ ಕೇಳ್ಕೊಂಡ್ರಂತೆ, ಒಳ್ಳೇದಾಯ್ತು ಬಿಡಕ್ಕ, ಮನೆ ಮಂದಿ ಒಂದಾಗಿದ್ರೇನೇ ಚೆಂದ” ಅಂದಳು. ಅವಳ ಬುಟ್ಟಿಯನ್ನು ಎತ್ತಿ ಬೀದಿಗೆ ಎಸೆಯುವಷ್ಟು ಕೋಪ ಬಂತು. ಕೆಂಪು ಚುಕ್ಕಿ ಬಿದ್ದ ಗೋಡೆಗೆ ಮರುದಿನವೇ ಬಿಳೀ ಬಣ್ಣ ಹೊಡೆಸುತ್ತೇನೆ ಎಂದೂ ವಾರಗಿತ್ತಿ ಹೇಳಿದಳಂತೆ. ಅಷ್ಟು ಸುಲಭ. ಬಿಳಿಯ ಮೇಲೆ ಬಿಳಿ ಹೊಡೆದರೆ ಮುಗಿಯಿತು, ನಾನು ಆಡಿದ ಮಾತಿನ ಮೇಲೆ ಏನು ಹೊಡೆಯಲಿ?

ಅಂಗಡಿಯಿಂದ ಬಂದವರೇ ನನ್ನ ಗಂಡ ಅಣ್ಣನ ಮನೆಗೆ ಓಡಿದ್ದರು. ಕೊಬ್ಬರಿ ಎಣ್ಣೆ ಹಚ್ಚಿ, ಬಿಸಿನೀರು ಹಾಕಿ, ಅಣ್ಣನ ಬೆನ್ನು ಕಿವಿಯೆಲ್ಲ ಉಜ್ಜಿದರಂತೆ. ಕಣ್ಣಿಗೆ ಏನೂ ಆಗಿರಲಿಲ್ಲ, ಕನ್ನಡಕ ಕಾಪಾಡಿತ್ತು. ಉಜ್ಜುವಾಗ ಬಾವ ಏನು ಕೇಳಿದರೋ, ಇವರೇನು ಹೇಳಿದರೋ ನನಗೆ ಹೇಳಲಿಲ್ಲ. ಊಟಕ್ಕೆ ಕೂತಾಗಲೂ ನನ್ನ ಮುಖ ನೋಡಲಿಲ್ಲ. ಶಟರ್ ಎಳೆಯುವುದು ಇವರಿಗೆ ಮನೆಯೊಳಗೂ ಬರುತ್ತದೆ.

ಬೆಳಿಗ್ಗೆ ರಂಗೋಲಿ ಹಾಕಿ ಒಳಗೆ ಬಂದಿದ್ದೆ. ಗೇಟಿನ ಹತ್ತಿರ ಬಾವನ ಕೆಮ್ಮು ಕೇಳಿಸಿತು. ನಾನು ಸರಕ್ಕನೆ ಬಾಗಿಲ ಹಿಂದೆ ಸರಿದೆ. ಗಂಡ ಹೊರಗೆ ಹೋಗಿ, “ಬಾಣ್ಣ, ಒಳಗ್ ಬಾ” ಅಂದರು. ಬಾವ ಬರಲಿಲ್ಲ. ಜಗಲಿಯ ಮೇಲೆ ನಿಂತರು. ಅವರು ತಮ್ಮನಿಗೆ ಹೇಳುತ್ತಿದ್ದರೂ ದನಿ ನನಗೆ ಕೇಳಲಿ ಎನ್ನುವಷ್ಟು ಎತ್ತರದಲ್ಲಿತ್ತು.

“ಆಷಾಢದಾಗೆ ನಮ್ಮನೆ ಬಣ್ಣ ನಿಮ್ ಸಂಡಿಗೆ ಮೇಲ್ ಬಿತ್ತಂತೆ. ಬಸುರಿ ಮಗೀಗ್ ಅಂತ ಮಾಡಿದ್ದಂತೆ. ಯಾರೂ ನಂಗ್ ಏಳ್ಲಿಲ್ಲ, ನೆನ್ನೆ ಗೊತ್ತಾಯ್ತು.” ಹೆಗಲ ಟವೆಲ್ಲಿನಿಂದ ಕಿವಿ ಒರೆಸಿಕೊಂಡರು. “ಮನೆ ನಂದು, ಬಣ್ಣ ನಂದು. ತಪ್ಪಾಯ್ತು ಅಂತ ಏಳಪ್ಪ ಆಯಮ್ಮಂಗೆ. ಮಗೀನ ಸೀಮಂತ ಐತೆ, ಮನಸ್ನಾಗ್ ಏನೂ ಇಟ್ಕೋಬಾರ್ದು ಅಂತ ಏಳು.”

ಬಾಗಿಲ ಸಂದಿಯಿಂದ ನೋಡಿದೆ. ಈ ಮನೆಗೆ ಬಂದ ಮೇಲೆ ಮೊದಲ ಸಲ ಅವರ ಮುಖವನ್ನು ನೆಟ್ಟಗೆ ನೋಡಿದೆ. ಉಜ್ಜಿ ಉಜ್ಜಿ ಕೆನ್ನೆ ಕೆಂಪಾಗಿತ್ತು. ಹುಬ್ಬಿನ ಕೂದಲಲ್ಲಿ, ಕಿವಿಯ ಮಡಿಕೆಯಲ್ಲಿ ಬಣ್ಣ ಇನ್ನೂ ಉಳಿದಿತ್ತು. ಯಾವ ತಪ್ಪನ್ನೂ ಮಾಡದ ಮನುಷ್ಯ ನನ್ನ ಜಗಲಿಯ ಮೇಲೆ ತಲೆ ತಗ್ಗಿಸಿ ನಿಂತಿದ್ದರು.

ಕರಗಿಬಿಡಬೇಕಿತ್ತು, ಅಲ್ಲವೇ? ನನಗೆ ಬಂದದ್ದು ಇನ್ನೂ ದೊಡ್ಡ ಸಿಟ್ಟು. ಬಾವನ ಮೇಲಲ್ಲ. ನಮ್ಮಲ್ಲಿ ಮನೆಯ ಹಿರಿಯರು ತಪ್ಪಾಯ್ತು ಎಂದ ಮೇಲೆ ಮುಗಿಯಿತು, ಆ ವಿಷಯವನ್ನು ಮತ್ತೆ ಯಾರೂ ಎತ್ತುವ ಹಾಗಿಲ್ಲ. ಅಷ್ಟು ತಿಂಗಳು ಗಾಳಿ ಕಾದು, ಗನ್ನು ಹಿಡಿಯಲು ಕಲಿತು, ಕೊನೆಗೆ ನಾನು ಕೇಳಿದ್ದ ಮಾತು ಬಂತು. ಆದರೆ ಬೇರೆಯವರ ಬಾಯಿಂದ. ಅವಳು ಪಕ್ಕದ ಮನೆಯಲ್ಲಿ ಕೂತು ಕಾಫಿ ಕುಡಿಯುತ್ತಿದ್ದಳು. ಇನ್ನು ಸಾಯುವವರೆಗೂ ಅವಳು ಅದನ್ನು ಹೇಳಬೇಕಾಗಿಲ್ಲ. ಅವಳ ಪಾಲಿನದನ್ನೂ ಇವರೇ ಹೇಳಿಬಿಟ್ಟಿದ್ದರು.

ಗಂಡ ಬಾಗಿಲ ಕಡೆ ನೋಡಿದರು. ಅವರ ಕಣ್ಣಲ್ಲಿ ಬೇಡಿಕೆ ಇತ್ತು. ಬಾವ ಕಾಯುತ್ತಿದ್ದರು. ಆ ನೋಯುವ ಮಂಡಿಯ ಮೇಲೆ ಅವರನ್ನು ಇನ್ನೂ ನಿಲ್ಲಿಸುವಷ್ಟು ಕಟುಕಿ ನಾನಲ್ಲ.

“ಇರ್ಲಿ ಬಿಡಿ, ಬಾವ” ಅಂದೆ. ಯಾರ ಕೈಲೂ ಹೇಳಿಸಲಿಲ್ಲ.

ಬಾವ ಒಂದು ಗಳಿಗೆ ಅಲುಗಾಡಲಿಲ್ಲ. ಆಮೇಲೆ ತಲೆಯಾಡಿಸಿ, ಕಂಬ ಹಿಡಿದುಕೊಂಡು ಮೆಟ್ಟಿಲಿಳಿದು ಹೋದರು.

ಗಂಡ ಒಳಗೆ ಬಂದು ಮೆಲ್ಲಗೆ, “ಹಂಗಾದ್ರೆ ಸೀಮಂತಕ್ಕೆ ಅತ್ತಿಗೇನೂ ಕರೀಲಾ?” ಎಂದು ಕೇಳಿದರು.

“ಕರೀರಿ” ಅಂದೆ. “ಮೊದಲ ಮಡಿಲೂ ಅವಳೇ ತುಂಬ್ಲಿ. ಆದ್ರೆ ಇರ್ಲಿ ಬಿಡಿ ಅಂತ ನಾನಂದಿದ್ದು ಬಾವಂಗೆ. ಅವಳಿಗಲ್ಲ.”